ಟೈಪಿಸ್ಟಮ್ಮ ತಿದ್ದಿದ ಕತೆಗಳು

ಬೀದಿಯವರು ಅವಳನ್ನು ಟೈಪಿಸ್ಟಮ್ಮ ಅನ್ನುತ್ತಿದ್ದರು. ಹಗಲೆಲ್ಲ ವಿಮಾ ಕಚೇರಿಯಲ್ಲಿ ಕಂಡವರ ಪತ್ರ ಟೈಪು ಮಾಡಿ, ಸಂಜೆ ಮನೆಗೆ ಬಂದು, ಕುಕ್ಕರಿನ ಒಂದು ಕೂಗಿಗೂ ಇನ್ನೊಂದು ಕೂಗಿಗೂ ನಡುವೆ ಗಂಡನ ಕತೆಗಳನ್ನು ಟೈಪು ಮಾಡುತ್ತಿದ್ದಳು. ಗಂಡ ಹೆಸರಾಂತ ಕತೆಗಾರ. ಅವನ ಕೈಬರಹ ಕಾಗೆ ಕಾಲು ಗುಬ್ಬಿ ಕಾಲು, ಓದಬಲ್ಲವಳು ಅವಳೊಬ್ಬಳೇ.

ಮದುವೆಯಾದ ಹೊಸತರಲ್ಲಿ ಅವನು ಬರೆದ ಒಂದು ಕತೆಯಲ್ಲಿ, ಅಣ್ಣ ಸತ್ತ ಸುದ್ದಿ ಬಂದಾಗ ಹೆಂಗಸು ಕಿಟಕಿಯಲ್ಲಿ ನಿಂತು ಮೋಡ ನೋಡುತ್ತಿದ್ದಳು. ಬೆಳಿಗ್ಗೆ ಎಂಟು ಗಂಟೆಗೆ, ಮೂರು ಮಕ್ಕಳ ತಾಯಿ, ಮೋಡ! ಟೈಪಿಸ್ಟಮ್ಮ ಆ ಹೆಂಗಸಿನ ಕೈಗೆ ತಳ ಹಿಡಿದ ಹಾಲಿನ ಪಾತ್ರೆ ಕೊಟ್ಟು ಉಜ್ಜಲು ಕೂರಿಸಿದಳು. ಸುದ್ದಿ ಕೇಳಿಯೂ ಅವಳು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಒಂಚೂರು ಬದಲಾಯ್ಸಿದೀನಿ, ನೋಡಿ."

"ನೀನು ನೋಡಿದ್ಮೇಲೆ ನಾನೇನು ನೋಡೋದು!"

ಕತೆ ಪತ್ರಿಕೆಗೆ ಹೋಯಿತು. ಅಚ್ಚಾದ ಮೇಲೆ ಓದಿದ ಗಂಡ ತಾನು ಬರೆದದ್ದೇ ಹಾಗೆ ಅಂದುಕೊಂಡ.

ಮೂವತ್ತು ವರ್ಷ ಹೀಗೇ ನಡೆಯಿತು. ನಿಟ್ಟುಸಿರಿಡುವ ಹೆಂಗಸರನ್ನೆಲ್ಲ ಅವಳು ಬಟ್ಟೆ ಹಿಂಡಲು, ಮುದುಕರ ಹಾಸಿಗೆ ಬದಲಿಸಲು ಹಚ್ಚಿದಳು. ಕೊನೆಯ ಉಪದೇಶದ ಪ್ಯಾರಾಕ್ಕೆ ಕತ್ತರಿ. 'ಬದುಕು ಮುರಿದುಬಿದ್ದಾಗಲೂ ಇವರ ಹೆಣ್ಣುಗಳ ಕೈ ನಿಲ್ಲುವುದಿಲ್ಲ' ಎಂದು ವಿಮರ್ಶಕರು ಹಾಡಿಹೊಗಳಿದರು. ಮೂಲ ಹಾಳೆಗಳು ನೀರೊಲೆಗೆ ಹೋಗುತ್ತಿದ್ದವು. "ಟೈಪಾಯ್ತಲ್ಲ, ಈ ಕಸ ಯಾಕೆ?" ಅಂದವನು ಗಂಡನೇ. ಕಾದ ನೀರಲ್ಲಿ ಮಿಂದವನೂ ಅವನೇ.

ಅವಳಿಗೆ ಪುಸ್ತಕದ ಮೇಲೆ ಹೆಸರು ಬೇಕಿರಲಿಲ್ಲ. ಯಾರಾದರೊಬ್ಬರ ಮುಂದೆ, ಒಂದೇ ಒಂದು ಸಲ, ಅವನ ಬಾಯಿಂದ 'ಇದು ಅವಳದು' ಅಂತ ಬಂದರೆ ಸಾಕಿತ್ತು.

ಅವಳು ನಿವೃತ್ತಳಾದ ವರ್ಷ, ಅವನ ಕತೆಗಳ ವಸ್ತು ಮತ್ತು ಶೈಲಿಯ ಮೇಲೆ ಪುಸ್ತಕ ಬರೆಯಲು ಒಬ್ಬ ಹುಡುಗಿ ಬಂದಳು. ಟೈಪಿಸ್ಟಮ್ಮ ಒಳಗೆ ಟೀಗೆ ಇಟ್ಟಿದ್ದಳು.

"ಸರ್, ಈ ಕೆಲಸದ ವಿವರಗಳೆಲ್ಲ ಎಲ್ಲಿಂದ ಬಂದ್ವು? ಗಂಡಸರು ಹೀಗೆ ಬರೆಯಲ್ಲ."

ಅವಳು ಒಲೆ ಆರಿಸಿ ಕಿವಿಗೊಟ್ಟಳು.

"ನಮ್ಮಮ್ಮನ್ನ ನೋಡಿ ಕಲಿತಿದ್ದು ಕಣಮ್ಮ," ಅಂದ ಗಂಡ. ಸುಳ್ಳು ಹೇಳುತ್ತಿರಲಿಲ್ಲ, ನಿಜಕ್ಕೂ ನಂಬಿದ್ದ. ಆ ಅತ್ತೆ ಒಂದು ಲೋಟ ತೊಳೆದದ್ದನ್ನು ಸೊಸೆ ಕಂಡಿರಲಿಲ್ಲ.

"ಮೊದಲ ಕರಡುಗಳು ಇದಾವಾ ಸರ್?"

"ಏ ಇವಳೇ, ಎಲ್ಲಿಟ್ಟಿದೀಯೇ?"

ಟೀ ತಟ್ಟೆ ಹಿಡಿದೇ ಅವಳು ಹೇಳಿದಳು: "ಒಲೆಗೆ ಹಾಕ್ದೆ. ಅದ್ರಲ್ಲಿ ಬೇರೆ ಥರ ಇತ್ತಮ್ಮ. ಪಾತ್ರೆ ಉಜ್ಜೋದು, ಬಟ್ಟೆ ಹಿಂಡೋದು ಎಲ್ಲ ನಾನು ಸೇರ್ಸಿದ್ದು."

ಗಂಡ ಹೊಟ್ಟೆ ಹಿಡಿದು ನಕ್ಕ. "ನೋಡಿದ್ಯಾ, ಅಲ್ಲೂ ಬಿಟ್ಟಿಲ್ಲ ಇವಳು ಪಾತ್ರೆ ತಿಕ್ಕೋದನ್ನ!"

ಹುಡುಗಿಯೂ ನಕ್ಕಳು. "ಅಯ್ಯೋ ಆಂಟಿ, ಸುಟ್ಟೇಬಿಟ್ರಾ? ಒಂದೂ ಉಳಿದಿಲ್ವಾ?"

"ಒಂದೂ ಇಲ್ಲ."

ಹುಡುಗಿ ಏನೋ ಬರೆದುಕೊಂಡಳು.

ವರ್ಷದ ಮೇಲೆ ಪುಸ್ತಕ ಬಂತು. ಗಂಡನ ಕಣ್ಣಿಗೆ ಪೊರೆ ಬಂದಿತ್ತು, ಅವಳೇ ಗಟ್ಟಿಯಾಗಿ ಓದಿದಳು. ಹನ್ನೊಂದನೇ ಪುಟದಲ್ಲಿ ಅವಳ ಪ್ರಸ್ತಾಪ ಬಂತು, ಒಂದೇ ವಾಕ್ಯ: 'ಹಸ್ತಪ್ರತಿಗಳ ಬೆಲೆ ಅರಿಯದ ಪತ್ನಿ ಅವನ್ನೆಲ್ಲ ಸುಟ್ಟುಹಾಕಿದ್ದರಿಂದ, ಈ ಶೈಲಿ ರೂಪುಗೊಂಡ ಬಗೆಯನ್ನು ತಿಳಿಯಲು ಇನ್ನು ದಾರಿಯಿಲ್ಲ.'

ಅದನ್ನೂ ಅವಳು ಒಂದಕ್ಷರ ಬಿಡದೆ, ಬದಲಿಸದೆ ಓದಿದಳು.

ಗಂಡ ತಡವರಿಸಿ ಅವಳ ಮೊಣಕೈ ತಟ್ಟಿದ. "ಪಾಪ, ನಿಂಗೇನು ಗೊತ್ತಿತ್ತು? ಮನಸ್ಸಿಗೆ ಹಚ್ಕೋಬೇಡ. ನಾನು ಯಾವತ್ತೋ ಕ್ಷಮಿಸಿದೀನಿ."

ಅವಳು ಆ ಸಾಲಿನ ಮೇಲೆ ಬೆರಳಿಟ್ಟುಕೊಂಡಿದ್ದಳು.

"ಮುಂದೆ ಓದು," ಅಂದ.

ಅವಳು ಪುಟ ತಿರುವಿದಳು.