ಮೂರನೇ ಮಹಡಿಯ ಬೀದಿ

ಮನೆಯಲ್ಲಿ ಅವಳನ್ನು ಎಲ್ಲರೂ ಗೀಚು ಎಂದೇ ಕರೆಯುತ್ತಿದ್ದರು. ಕೈಗೆ ಸಿಕ್ಕಿದ್ದರ ಮೇಲೆಲ್ಲ ಗೀಚುತ್ತಿದ್ದ ಮೊಮ್ಮಗಳಿಗೆ ಅಜ್ಜಿ ಇಟ್ಟ ಹೆಸರು ಅದು. ಡಿಸೈನ್ ಕಾಲೇಜು ಸೇರಿ ಮೂರನೇ ವರ್ಷಕ್ಕೆ ಬಂದರೂ ಹೆಸರೂ ಹೋಗಲಿಲ್ಲ, ಚಟವೂ ಹೋಗಲಿಲ್ಲ. ಅಮ್ಮ ಟೈಲರ್, ಮುಂದಿನ ಕೋಣೆಯೇ ಅಂಗಡಿ. ಜಿಪ್ಪು ಬದಲಿಸುವುದು, ಹರಿದದ್ದಕ್ಕೆ ತೇಪೆ ಹಾಕುವುದು, ಅಣ್ಣನ ಪ್ಯಾಂಟನ್ನು ತಮ್ಮನ ಅಳತೆಗೆ ಇಳಿಸಿಕೊಡುವುದು, ಇಂಥ ಕೆಲಸವೇ ಹೆಚ್ಚು. ಊಟದ ತಟ್ಟೆಯಲ್ಲಿ ದಾರದ ಎಳೆ ಸಿಗದ ದಿನವೇ ಆ ಮನೆಯಲ್ಲಿ ಇರಲಿಲ್ಲ.

ಗೀಚುವಿನ ಹುಚ್ಚು ಒಂದೆರಡಲ್ಲ. ಅಂಗಡಿಯ ಶಟರಿನ ಮೇಲೆ ಕುಂಚದಲ್ಲಿ ಬರೆದ ಒಳ್ಳೆಯ ಅಕ್ಷರ ಕಂಡರೆ ಬಸ್ಸಿನಿಂದ ಅಲ್ಲೇ ಇಳಿದುಬಿಡುತ್ತಿದ್ದಳು. ಲಾರಿಗಳ ಬೆನ್ನಿನ ಹದ್ದು, ಹುಲಿಗಳ ಚಿತ್ರ ತೆಗೆಯಲು ಟ್ರಾಫಿಕ್ಕಿನ ನಡುವೆ ಓಡುತ್ತಿದ್ದಳು. ಕಿವಿಯಲ್ಲಿ ಯಾವಾಗಲೂ ಯಾರದೋ ಹಾಡು. ಗೋಡೆಗೆ ಅಂಟಿಸಿದ ಪೋಸ್ಟರುಗಳನ್ನು ಉಗುರಿನಿಂದ ಮೆಲ್ಲಗೆ ಎಬ್ಬಿಸಿ, ಒಂದರ ಕೆಳಗೊಂದು ಕೂತ ಬಣ್ಣಗಳನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

“ಓದೋಕೆ ಕಳಿಸಿದ್ರೆ ಗೋಡೆ ಕೆರ್ಕೊಂಡು ಕೂತಿರ್ತಾಳಂತೆ. ನಮ್ಮ ಬೀದಿ ನಾಯೀನೂ ಅದನ್ನೇ ಮಾಡುತ್ತೆ, ಅದ್ಯಾವ ಕಾಲೇಜಿಗೆ ಹೋಗುತ್ತೋ?” ಎನ್ನುತ್ತಿದ್ದಳು ಅಜ್ಜಿ.

ಅವಳ ಎಲ್ಲ ಹುಚ್ಚುಗಳೂ ಒಂದೇ ಕಡೆ ಸಿಗುತ್ತಿದ್ದದ್ದು ರೈಲುಹಳಿಯ ಕೆಳಗಿನ ಕಾಲುದಾರಿಯಲ್ಲಿ. ಗೋಡೆ ತುಂಬ ಚಿತ್ರ, ಬೈಗುಳ, ಪ್ರೀತಿಯ ಹೇಳಿಕೆ, ಹಳೆಯ ಪೋಸ್ಟರು. ಸಂಜೆಯಾದರೆ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಹುಡುಗನೊಬ್ಬ ಪೇಂಟಿನ ಖಾಲಿ ಡಬ್ಬಗಳನ್ನು ಬೋರಲು ಹಾಕಿಕೊಂಡು ಬಾರಿಸುತ್ತಿದ್ದ. ಅವನಿಗೆ ಡಬ್ಬಾ ಎಂದೇ ಹೆಸರಾಗಿತ್ತು. ಮೇಲೆ ರೈಲು ಬಂದರೆ ಅವನು ನಿಲ್ಲಿಸುತ್ತಿರಲಿಲ್ಲ, ಅದರ ತಾಳವನ್ನೇ ಹಿಡಿದು ಮುಂದುವರಿಸುತ್ತಿದ್ದ. ಕೇಳುತ್ತ ನಿಂತವರ ಕಾಲುಗಳು ತಾವಾಗಿಯೇ ಕುಣಿಯುತ್ತಿದ್ದವು. ಒಂದು ಮೂಲೆಯಂತೂ ಗಬ್ಬು ನಾರುತ್ತಿತ್ತು. ಗೀಚು ಅದನ್ನು ಉಸಿರು ಬಿಗಿಹಿಡಿದು ದಾಟಿ, ಅವನ ಪಕ್ಕ ಕೂತು ಚಿತ್ರ ಬರೆಯುತ್ತಿದ್ದಳು.

ಮೂರನೇ ವರ್ಷದಲ್ಲಿ ತರಬೇತಿಗೆಂದು ಅವಳು ಒಂದು ಜಾಹೀರಾತು ಕಂಪನಿ ಸೇರಿದಳು. ಅಲ್ಲಿಗೆ ಬಂದ ಕೆಲಸವೊಂದನ್ನು ಕೇಳಿ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು ಅನ್ನಿಸಿತು. ರೈಲುಹಳಿಯ ಆಚೆ ಹೊಸದಾಗಿ ಎದ್ದ ಮಾಲ್‌ನ ಮೂರನೇ ಮಹಡಿಯಲ್ಲಿ ಒಂದು ಕಾಫಿ ಅಂಗಡಿ. ಅದು ‘ಬೀದಿ’ಯ ಹಾಗಿರಬೇಕಂತೆ. ಗೀಚು ಕುಣಿಯುತ್ತ ಎಲ್ಲರನ್ನೂ ಕಾಲುದಾರಿಗೆ ಕರೆದೊಯ್ದಳು. ತಂಡದ ಮುಖ್ಯಸ್ಥೆ ಮೂಗಿಗೆ ಕರ್ಚೀಫು ಒತ್ತಿಕೊಂಡೇ ಒಳಗೆ ಬಂದರು.

“ಎಷ್ಟು ರಿಯಲ್ ಆಗಿದೆ!” ಎಂದರು, ಕರ್ಚೀಫಿನ ಒಳಗಿಂದಲೇ.

ಆಮೇಲೆ ಕೊಳೆ ತಯಾರಿಸುವ ಕೆಲಸ ಶುರುವಾಯಿತು. ಪ್ಲೈವುಡ್ ಗೋಡೆಗೆ ಹೊಸ ಪೋಸ್ಟರು ಅಂಟಿಸಿ ಹರಿಯುವುದು, ಕಾಫಿ ಪುಡಿಗೆ ಅಂಟು ಕಲಸಿ ಮೂಲೆಗೆ ಬಳಿದು ಕಲೆ ಮಾಡುವುದು. ಆ ಕಲೆಯ ಬಗ್ಗೆ ಒಂದು ಮೀಟಿಂಗೇ ನಡೆಯಿತು.

“ಉಚ್ಚೆ ಕಲೆ ಸ್ವಲ್ಪ ತಿಳಿ ಇರ್ಲಿ ಕಣಮ್ಮಾ, ಜನ ತಿನ್ನೋ ಜಾಗ,” ಎಂದರು ಮೇಡಂ. ಮೇಜಿನ ಸುತ್ತ ಕೂತವರೆಲ್ಲ ಗಂಭೀರವಾಗಿ ತಲೆಯಾಡಿಸಿದರು.

ಅಂದು ಮನೆಗೆ ಬಂದು ಎಷ್ಟು ಸೋಪು ಹಚ್ಚಿದರೂ ಕೈಯ ಜಿಗುಟು ಹೋಗಲಿಲ್ಲ. ಅಮ್ಮ ಕೊಟ್ಟ ಕಾಫಿಯಲ್ಲೂ ಅದೇ ಅಂಟಿನ ವಾಸನೆ ಬಂತು. ಲೋಟವನ್ನು ಹಾಗೇ ಬಚ್ಚಲಿಗೆ ಸುರಿದಳು.

ಮಾಲ್ ತೆರೆಯುವ ವಾರ ನಿಜವಾದ ಕಾಲುದಾರಿಗೆ ಸುಣ್ಣ ಬಿತ್ತು. ಗ್ರಿಲ್ ಬಂತು, ಲೈಟ್ ಬಂತು, ಕಾವಲುಗಾರ ಬಂದ. ಅವನು ಡಬ್ಬಾನ ಡಬ್ಬಗಳನ್ನು ಕಾಲಿನಿಂದ ಒದ್ದು ಚರಂಡಿಗೆ ಉರುಳಿಸಿದ. ಗೀಚು ಆಫೀಸಿನಲ್ಲಿ ಕೇಳಿದರೆ ಮೇಡಂ, “ಅಷ್ಟು ಕೊಳಕು ಜಾಗ ದಾಟ್ಕೊಂಡು ಬಂದ್ರೆ ಗಿರಾಕಿಗಳ ಮೂಡ್ ಹಾಳಾಗುತ್ತಲ್ವಾ?” ಎಂದರು. ಹಾಗೆಂದು ಕಂಪ್ಯೂಟರಿನತ್ತ ತಿರುಗಿ, ಪರದೆಯ ಮೇಲಿನ ಕಲೆಯನ್ನು ಇನ್ನಷ್ಟು ದೊಡ್ಡದು ಮಾಡಿಸಿದರು. ಸ್ವಲ್ಪ ಹೊತ್ತಿಗೆ ಏನೋ ಹೊಳೆದವರಂತೆ, “ಪಾಪ, ಆ ಹುಡುಗನನ್ನೇ ಕರೆಸಿ ಇಲ್ಲಿ ಬಾರಿಸೋಣ!” ಎಂದರು.

ಉದ್ಘಾಟನೆಯ ಬೆಳಿಗ್ಗೆ ಡಬ್ಬಾ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ತಲೆ ನೀಟಾಗಿ ಬಾಚಿಕೊಂಡು ಬಂದ. ಟೈರಿನ ಮಸಿ ಉಳಿಯದಂತೆ ಉಗುರು ಕೂಡ ತಿಕ್ಕಿಕೊಂಡಿದ್ದ. ಮೇಡಂ ಅವನನ್ನು ನೋಡಿ ಹಣೆ ಚಚ್ಚಿಕೊಂಡರು.

“ಅಯ್ಯೋ, ಬ್ಯಾಂಕ್ ಗುಮಾಸ್ತನ ಹಾಗೆ ಬಂದಿದಾನಲ್ಲ!”

ಕೆಳಗಿನ ಮಹಡಿಯಿಂದ ಹೊಚ್ಚ ಹೊಸ ಅಂಗಿಯೊಂದು ಬಂತು, ಚೀಟಿ ಇನ್ನೂ ಕಿತ್ತಿರಲಿಲ್ಲ. ಮೇಡಂ ಅದರ ಜೊತೆ ಕತ್ತರಿಯನ್ನೂ ಗೀಚುವಿನ ಕೈಗಿಟ್ಟರು. “ಭುಜದ ಹತ್ರ ಒಂದು, ಬೆನ್ನಲ್ಲೊಂದು ಹರಿ. ನಿಮ್ಮಮ್ಮ ಟೈಲರ್ ಅಲ್ವಾ, ನಿಂಗೆ ಗೊತ್ತಿರುತ್ತೆ.”

ಗೀಚು ಬಟ್ಟೆಯನ್ನು ಬೆರಳಲ್ಲಿ ಮುಟ್ಟಿ ನೋಡಿದಳು. ಒಳ್ಳೆಯ ಹತ್ತಿ. “ನನ್ ಕೈಲಿ ಆಗಲ್ಲ ಮೇಡಂ,” ಎಂದಳು.

“ಕೊಡೇ ಇಲ್ಲಿ, ಒಂದು ಅಂಗಿಗೆ ಎಷ್ಟು ರಂಪ,” ಎಂದು ಡಬ್ಬಾನೇ ನಗುತ್ತ ಕಿತ್ತುಕೊಂಡು, ಬೆನ್ನು ಸೀಳಿ ತೊಟ್ಟುಕೊಂಡ. ಮೇಕಪ್ಪಿನವಳು ಕಾಫಿ ಪುಡಿ ಕಲಸಿದ ಅದೇ ಅಂಟಿನಲ್ಲಿ ಕುಂಚ ಅದ್ದಿ ಅವನ ಕೆನ್ನೆಗೆ ಮಸಿ ಮೆತ್ತತೊಡಗಿದಳು. ಅವನು ಕಣ್ಣು ಮುಚ್ಚಿ, ಅಮ್ಮನಿಂದ ಪೌಡರ್ ಹಾಕಿಸಿಕೊಳ್ಳುವ ಮಗುವಿನಂತೆ ಮುಖ ಮೇಲೆತ್ತಿ ನಿಂತಿದ್ದ. ಗೀಚು ಬಾಯಿಗೆ ಕೈ ಅಡ್ಡ ಹಿಡಿದು ಟಾಯ್ಲೆಟ್ಟಿಗೆ ಓಡಿದಳು. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಬಂತು.

ಮುಖ ತೊಳೆದು ಬರುವಷ್ಟರಲ್ಲಿ ಅವನು ಬಾರಿಸುತ್ತಿದ್ದ. ಜನ ಅವನಿಗೆ ಬೆನ್ನು ಹಾಕಿ, ಅವನೂ ಬೀಳುವಂತೆ ತಮ್ಮ ಫೋಟೋ ತಾವೇ ತೆಗೆದುಕೊಳ್ಳುತ್ತಿದ್ದರು. ಚಾವಣಿಯ ಸ್ಪೀಕರಿನಿಂದ ಆಗಾಗ ರೈಲಿನ ಸದ್ದು ಬರುತ್ತಿತ್ತು. ಆ ಸದ್ದಿಗೆ ಅವನು ಪ್ರತಿಸಲವೂ ತಾಳ ತಪ್ಪುತ್ತಿದ್ದ. ಯಾರಿಗೂ ಅದು ಗೊತ್ತಾಗಲಿಲ್ಲ. ಗೀಚು ಕೊರಳಿನ ಗುರುತಿನ ಚೀಟಿಯನ್ನು ತೆಗೆದು ಮೇಡಂ ಮುಂದಿಟ್ಟಳು.

“ಇಷ್ಟು ನಾಜೂಕಾದ್ರೆ ಈ ಫೀಲ್ಡಲ್ಲಿ ಕಷ್ಟಮ್ಮಾ,” ಎಂದರು ಅವರು, ಅದೂ ಕನಿಕರದಿಂದಲೇ.

ಮನೆಯಲ್ಲಿ ಎಲ್ಲವನ್ನೂ ಹೇಳಿದಾಗ ಅಮ್ಮನ ಕಾಲು ಹೊಲಿಗೆ ಮಿಷನ್ನಿನ ಪೆಡಲಿನ ಮೇಲೆ ನಿಂತಿತು. “ಹೊಸ ಅಂಗಿನಾ?” ಎಂದು ಒಂದೇ ಮಾತು ಕೇಳಿದಳು. ಅಜ್ಜಿ, “ಥೂ! ಕಂಡೋರ ಮಕ್ಕಳನ್ನ ಬಾವಿಗೆ ತಳ್ಳಿ ಆಳ ನೋಡೋ ಜನ,” ಎಂದು ಕಿಟಕಿಯಾಚೆ ಉಗಿದಳು.

ಅಸಹ್ಯದಲ್ಲಿ ದೊಡ್ಡ ಪಾಲು ಗೀಚುವಿಗೆ ತನ್ನ ಮೇಲೇ ಇತ್ತು. ದಾರಿ ತೋರಿಸಿದವಳು ತಾನೇ. ಕ್ಷಮೆ ಕೇಳಲು ಟೈರ್ ಅಂಗಡಿಗೆ ಹೋದರೆ ಡಬ್ಬಾ ಟ್ಯೂಬನ್ನು ನೀರಿನಲ್ಲಿ ಅದ್ದುತ್ತ, ತಲೆ ಎತ್ತದೆ ಮಾತಾಡಿದ.

“ಅಂಗಿಯಿಂದ ನಂಗೇನೂ ಆಗ್ಲಿಲ್ಲ ಕಣೇ. ನನ್ನ ನೋಡಿ ನೀನು ವಾಂತಿ ಮಾಡ್ಕೊಂಡೆಯಂತೆ, ಅದನ್ನ ಕೇಳಿ ಎಲ್ರೂ ನಕ್ರು. ನಂಗೆ ಅವಮಾನ ಆಗಿದ್ದು ಅದಕ್ಕೆ.”

“ನಿನ್ನ ನೋಡಿ ಅಲ್ವೋ!”

“ಮತ್ತೆ ಯಾರನ್ನ? ಅಲ್ಲಿ ಮಸಿ ಬಳ್ಕೊಂಡು ನಿಂತಿದ್ದೋನು ನಾನೇ ತಾನೆ?”



ಅರ್ಧಕ್ಕೆ ಬಿಟ್ಟ ತರಬೇತಿಯನ್ನು ಕಾಲೇಜು ಒಪ್ಪಲಿಲ್ಲ. ಅವಳು ಮತ್ತೊಮ್ಮೆ ತರಬೇತಿಗೆಂದು, ಬಸ್ಸುಗಳಿಗೆ ನಂಬರ್ ಬೋರ್ಡು ಮಾಡುವ ಒಂದು ಚಿಕ್ಕ ಪ್ರೆಸ್ಸಿನಲ್ಲಿ ಸೇರಿದಳು. ದೂರದಿಂದ ಮೂರೂ ಎಂಟೂ ಒಂದೇ ಥರ ಕಾಣದಂತೆ ಬರೆಯುವುದು ಅವಳ ಕೆಲಸ. ಗೋಡೆ ನೋಡಿದರೆ ಮಾತ್ರ ಮೈ ಜುಮ್ಮೆನ್ನುವುದು ನಿಂತುಹೋಗಿತ್ತು. ಚಿತ್ರ ಚೆನ್ನಾಗಿದ್ದಷ್ಟೂ ‘ಇದನ್ನ ಯಾರು ಯಾವ ಮಹಡಿಗೆ ಎತ್ತಿಕೊಂಡು ಹೋಗ್ತಾರೋ’ ಎಂದು ಹೇಸಿಗೆಯಾಗುತ್ತಿತ್ತು.

ಡಬ್ಬಾ ಶನಿವಾರಗಳಂದು ಮಾಲ್‌ನ ಕಾಫಿ ಅಂಗಡಿಯಲ್ಲೇ ಬಾರಿಸುತ್ತಿದ್ದ. ಒಮ್ಮೆ ಅವನೇ ಫೋನ್ ಮಾಡಿ ಕರೆದ. ಗೀಚು ಎಸ್ಕಲೇಟರಿನ ಬುಡದವರೆಗೆ ಹೋಗಿ, ಕಾಲೆತ್ತಲಾರದೆ ಹಿಂದಿರುಗಿದಳು. ಸಂಜೆ ಅದನ್ನೇ ಹೇಳಿದಳು.

“ಗೊತ್ತಿತ್ತು ಬಿಡು,” ಎಂದ ಅವನು. “ನಂಗೂ ಆ ಸ್ಪೀಕರ್ ರೈಲು ತಲೆ ತಿನ್ನುತ್ತೆ ಕಣೇ. ಭಾನುವಾರ ಅಂಗಡಿ ಹಿತ್ತಲಿಗೆ ಬಾ. ಹೊಸ ತಾಳ ಒಂದು ಹಿಡಿದಿದೀನಿ, ಇನ್ನೂ ಕೈ ಕೂತಿಲ್ಲ.”

ಅವಳು ಹೋದಳು. ಹಳೆ ಟೈರುಗಳ ರಾಶಿಯ ಮೇಲೆ ಕೂತು, ಚಿತ್ರ ಬರೆಯದೆ, ಫೋನ್ ತೆಗೆಯದೆ, ಅವನು ತಪ್ಪುತ್ತ ತಿದ್ದಿಕೊಳ್ಳುತ್ತ ಬಾರಿಸುವುದನ್ನು ಕೇಳಿದಳು.