ಉಣ್ಣುವವರ ಎದುರಿಗಿಡುವ ಬೋರ್ಡು

ಜಯಪುರದಿಂದ ಶೃಂಗೇರಿಗೆ ಹೋಗುವ ದಾರಿಯಲ್ಲಿ, ನಮ್ಮ ಮನೆಗಳಿಗೆ ತಿರುಗುವಲ್ಲಿ ಒಂದು ಮೋರಿ ಇದೆ. ಅದರ ಕಟ್ಟೆ ಕೂರಲು ಹದವಾಗಿದೆ, ನೆರಳೂ ಇದೆ. ದೂರದೂರಿನ ಕಾರುಗಳು ಅಲ್ಲಿ ನಿಲ್ಲುತ್ತವೆ, ಜನ ಬುತ್ತಿ ಬಿಚ್ಚಿ ಉಣ್ಣುತ್ತಾರೆ. ಉಂಡ ಮೇಲೆ ಕೆಲವರು ನೀರಿನ ಬಾಟಲಿ ಹಿಡಿದು ಹಳ್ಳದ ಗುಂಟ ಮೇಲೆ ಹತ್ತುತ್ತಾರೆ. ಅಲ್ಲೇ ಮೇಲಿನ ಗುಂಡಿಗೆ ಪೈಪು ಹಾಕಿ ನಮ್ಮ ದೊಡ್ಡಮ್ಮನ ಮನೆಗೆ ನೀರು ಇಳಿಸಿಕೊಂಡಿರುವುದು. ಕುಡಿಯಲಿಕ್ಕೂ ಅದೇ, ದೇವರಿಗೂ ಅದೇ.

"ಮೇಲ್ಗಡೆ ಜನ ಹೊರಕಡೆಗೆ ಹೋಗ್ತಾರೆ ಮಾರಾಯ. ನಂಗೆ ಆ ನೀರು ಗಂಟಲಲ್ಲಿ ಇಳಿಯುದಿಲ್ಲ" ಎಂದಳು ದೊಡ್ಡಮ್ಮ. ನಮ್ಮ ಬಾವಿಯಿಂದ ಕೊಡಪಾನ ಹೊತ್ತು ಒಯ್ಯತೊಡಗಿದಳು, ಆ ಸೊಂಟನೋವಿನಲ್ಲಿ.

ನಾನು ಮಾತು ಕಲಿತದ್ದು ಇವಳ ಬಾಯಿಂದ. ದನದ್ದು ಸಗಣಿ, ಆಡಿನದ್ದು ಹಿಕ್ಕೆ, ಆನೆಯದ್ದು ಲದ್ದಿ. ಮನುಷ್ಯರದ್ದಕ್ಕೆ ಮಾತ್ರ ಹೆಸರೇ ಇಲ್ಲದ ಹಾಗೆ ಅವಳ ಬದುಕು ನಡೆದಿತ್ತು.

ಮೋರಿಯ ಹತ್ತಿರ ಒಂದು ಬೋರ್ಡು ಹಾಕುವುದೆಂದಾಯಿತು, ಬರುವವರು ಯಾವ ಯಾವ ಭಾಷೆಯವರೋ ಎಂದು ಇಂಗ್ಲಿಷಿನಲ್ಲೇ. ಪಿಕಪ್ ಓಡಿಸುವ ಆಚೆಮನೆಯವನು ತಗಡಿನ ಮೇಲೆ ಕೆಂಪು ಬಣ್ಣದಲ್ಲಿ ಬರೆದ: ಡೋಂಟ್ ಶಿಟ್ ಹಿಯರ್. ಆ ಭಾನುವಾರವೇ ನಾಲ್ಕೈದು ಜನ ಬೋರ್ಡಿನ ಪಕ್ಕ ಕುಕ್ಕರಗಾಲಲ್ಲಿ ಕೂತು ಫೋಟೊ ತೆಗೆಸಿಕೊಂಡರು. ನಗುತ್ತಲೇ ಮೇಲೆ ಹತ್ತಿದರು.

"ಅವರು ಯಾಕೆ ನಗ್ತಾರೆ? ಎಂತ ಬರ್ದಿದ್ದೀರಿ?" ದೊಡ್ಡಮ್ಮ ಕೇಳಿದಳು. ಅರ್ಥ ಹೇಳಿದೆ. ಸೆರಗು ಬಾಯಿಗೆ ಹೋಯಿತು.

"ಮಾಡೋರಿಗಿಲ್ಲದ ನಾಚಿಕೆ ಬರಿಯೋರಿಗೆ ಯಾಕೆ ದೊಡ್ಡಮ್ಮ?" ಎಂದ ಆಚೆಮನೆಯವನು.

ನಾನು ನಿಘಂಟು ಹುಡುಕಿ ಶಿಟ್ ಇದ್ದಲ್ಲಿ ಡೆಫಿಕೇಟ್ ಎಂದು ಬರೆಸಿದೆ. ಈ ಸಲ ಯಾರೂ ನಗಲಿಲ್ಲ, ಓದಲೂ ಇಲ್ಲ. ಪುಳಿಯೋಗರೆ ತಿನ್ನುತ್ತಿದ್ದವರೊಬ್ಬರು "ಫಾರೆಸ್ಟ್‌ನವರ ಬೋರ್ಡಾ ಸಾರ್?" ಎಂದರು. ಸರಕಾರದ ಬೋರ್ಡನ್ನು ನಾವಾದರೂ ಎಲ್ಲಿ ಓದುತ್ತೇವೆ?

ಒಂದು ಬೈಗುಳ, ಇನ್ನೊಂದು ಆಸ್ಪತ್ರೆಯ ಚೀಟಿ. ಎರಡೂ ಎದುರಿಗಿದ್ದ ಮನುಷ್ಯನೊಡನೆ ಆಡಿದ ಮಾತಲ್ಲ. ಕನ್ನಡದಲ್ಲಿ ಯಾರ ಹತ್ತಿರ ಯಾವ ಮಾತು ಎಂದು ನಾನು ಯೋಚಿಸಿದ್ದೇ ಇಲ್ಲ, ಮುಖ ನೋಡಿದರೆ ಮಾತು ತಾನಾಗಿ ಬರುತ್ತಿತ್ತು. ಇಂಗ್ಲಿಷಿನಲ್ಲಿ ಪದಗಳಿದ್ದವು, ಮುಖಗಳಿರಲಿಲ್ಲ.

"ಅವರು ಅಲ್ಲಿ ಕೂತು ಉಣ್ಣುದಲ್ವನಾ?" ಎಂದಳು ದೊಡ್ಡಮ್ಮ. "ಬಡಿಸ್ತಾ ಇರುವಾಗ ಹೇಳಿದ್ರೂ ಯಾರೂ ಹೇಸಿ ಎಲೆ ಬಿಟ್ಟು ಏಳಬಾರ್ದು. ಹಾಗೆ ಬರಿ. ನೀರು ಯಾರದ್ದು ಅಂತಲೂ ಹೇಳು. ಅವರಿಗೆ ಗೊತ್ತಾಗುದು ಹ್ಯಾಂಗೆ?"

ಶೌಚದ ಮಾತಿಗೆ ಟಾಯ್ಲೆಟ್ ಸಾಕೆನಿಸಿತು. ಪ್ಲೀಸ್, ಡೋಂಟ್ ಗೋ ಅಪ್ ಫಾರ್ ಟಾಯ್ಲೆಟ್. ಎ ಫ್ಯಾಮಿಲಿ ಡ್ರಿಂಕ್ಸ್ ದಿಸ್ ವಾಟರ್.

"ಇಷ್ಟು ಮೆತ್ತಗೆ ಹೇಳಿದ್ರೆ ಯಾರು ಕೇಳ್ತಾರೆ?" ಎಂದು ಆಚೆಮನೆಯವನು ಮೂಗು ಮುರಿದ. ಆದರೂ ಮೊಳೆ ಹೊಡೆದವನು ಅವನೇ.

ಹತ್ತುವವರು ಕಡಿಮೆಯಾದರು. ಗುಂಡಿ ತೊಳೆಸಿದೆವು. ಆದರೂ ದೊಡ್ಡಮ್ಮನ ಕೊಡಪಾನ ನಮ್ಮ ಬಾವಿಗೆ ಬರುವುದು ನಿಲ್ಲಲಿಲ್ಲ.

ಒಂದು ದಿನ ನಾನು ಅವಳ ಜಗಲಿಯಲ್ಲಿದ್ದಾಗ, ತನ್ನ ಮುದಿ ಅತ್ತೆಯನ್ನು ಕೈಹಿಡಿದು ಕರೆದುಕೊಂಡು ಒಬ್ಬ ಹೆಂಗಸು ರಸ್ತೆಯಿಂದ ಇಳಿದು ಬಂದಳು. "ಬೋರ್ಡ್ ನೋಡಿದ್ವಿ. ಇವರಿಗೆ ಅರ್ಜೆಂಟು. ಇಲ್ಲಿ ಟಾಯ್ಲೆಟ್ ಇದೆಯಾ ಅಮ್ಮ?"

"ಹಿಂದ್ಗಡೆ ಉಂಟು. ಜಾರ್ತದೆ, ಮೆಲ್ಲ ಹೋಗಿ."

ವಾಪಸು ಬಂದ ಮುದುಕಿ ಜಗಲಿಯಲ್ಲಿ ಕೂತು ನೀರು ಕೇಳಿದಳು. "ಬೋರ್ಡಿನಲ್ಲಿರೋದು ಇದೇ ನೀರಾ?" ಎಂದಳು ಸೊಸೆ, ಅಂಗಳದ ನಲ್ಲಿ ನೋಡುತ್ತ.

ದೊಡ್ಡಮ್ಮ ಒಳಗಿನ ಕೊಡಪಾನದತ್ತ ತಿರುಗಿದವಳು ನಿಂತಳು. ಆಮೇಲೆ ಅಂಗಳಕ್ಕಿಳಿದು ಚೊಂಬಿಗೆ ನಲ್ಲಿ ನೀರು ಹಿಡಿದಳು. ಮೊದಲು ತಾನೇ ಎತ್ತಿ ಒಂದು ಗುಟುಕು ಕುಡಿದಳು.

"ತಗೊಳ್ಳಿ," ಎಂದಳು, "ತಣ್ಣಗುಂಟು."