ಹಯಾತ್ ಮೇಡಂ ಕಾಫಿ ಮಾಡಿದ ದಿನ

ಕೋವಿಡ್ ಮುಗಿದ ಮರುವರ್ಷ ನಾನು ಈ ಪರದೇಶದ ಸುಂಡ್‌ಬೀಬರ್ಯ್ ಎಂಬ ಊರಿನಲ್ಲಿ ಹೆಮ್‌ಶೆನ್ಸ್ಟ್ ಕೆಲಸಕ್ಕೆ ಸೇರಿದೆ. ಕೊಮ್ಮೂನ್, ಅಂದರೆ ಇಲ್ಲಿನ ನಗರಾಡಳಿತ, ವಯಸ್ಸಾದವರ ಮನೆಗೆ ಸಹಾಯಕರನ್ನು ಕಳಿಸುವ ವ್ಯವಸ್ಥೆ ಇದು. ಸ್ನಾನಕ್ಕೆ ಇಷ್ಟು ನಿಮಿಷ, ತಿಂಡಿಗೆ ಇಷ್ಟು ನಿಮಿಷ ಎಂದು ಮೊದಲೇ ನಿಗದಿ. ಅಲ್ಲಿಯವರೆಗೆ ಮನೆ, ಮಕ್ಕಳು ಎಂದು ಮನೆಯಲ್ಲೇ ಇದ್ದ ನನಗೆ ಸಂಜೆ ಹೊತ್ತಿಗೆ ಸೊಂಟ ನೆಟ್ಟಗೆ ನಿಲ್ಲುತ್ತಿರಲಿಲ್ಲ.

ನನಗೆ ಇಂಗ್ಲಿಷ್ ಬರುತ್ತದೆಂದು, ಅದರಲ್ಲೇ ಮಾತಾಡುವ ವೃದ್ಧೆ ಹಯಾತ್ ಅವರ ಮನೆ ನನ್ನ ಪಾಲಿಗೆ ಬಂತು. ಇಲ್ಲಿ ಎಲ್ಲರೂ ಹೆಸರು ಹಿಡಿದೇ ಕರೆಯುವುದು; ಕಾನ್ವೆಂಟಿನ ಅಭ್ಯಾಸ, ನನಗೆ ಮಾತ್ರ ಅವರು ಮೇಡಂ. ತಮ್ಮ ಅರಬ್ ಊರಿನಲ್ಲಿ ಸ್ವಂತ ಹೆಸರು ಹಾಕಿ ಪುಸ್ತಕ ಅಚ್ಚು ಹಾಕಿಸಿದ ಮೊದಲ ಹೆಂಗಸು. ಹೆಂಗಸರಿಂದ ಏನಾಗುತ್ತದೆ ಎಂದವರ ಜೊತೆ ಜಗಳವಾಡಿಯೇ ದೇಶ ಬಿಟ್ಟವರು. ಆತ್ಮಕಥೆಯ ಕೊನೆಯ ಅಧ್ಯಾಯ ಬಾಕಿಯಿತ್ತು. ನಾನು ಸ್ನಾನ ಮಾಡಿಸಿ ಬಟ್ಟೆ ತೊಡಿಸಿದರೆ ಮಾತ್ರ ಅವರ ಬೆರಳುಗಳಲ್ಲಿ ಅರ್ಧ ಪುಟ ಬರೆಯುವಷ್ಟು ತ್ರಾಣ ಉಳಿಯುತ್ತಿತ್ತು.

ಈ ಸಹಾಯ ಮುಂದುವರಿಸಬೇಕೇ ಎಂದು ನೋಡಲು ಕೊಮ್ಮೂನಿನ ಅಧಿಕಾರಿ ಲೀನಾ ಬರುವ ದಿನ, ನಾನು ಹೋಗುವಷ್ಟರಲ್ಲಿ ಮೇಡಂ ಮುತ್ತಿನ ಓಲೆ ಹಾಕಿಕೊಂಡು ನಿಂತಿದ್ದರು. ಬ್ಲೌಸಿನ ಗುಂಡಿಗಳು ಒಂದೊಂದು ಕಾಜ ತಪ್ಪಿದ್ದವು. ಲೀನಾ ಬಂದೊಡನೆ ಏಲಕ್ಕಿ ಕಾಫಿ ತಾವೇ ಕುದಿಸಿ, ತಟ್ಟೆ ಹಿಡಿದು ತಂದರು. ನಾನು ಕೈ ಚಾಚಿದರೆ, "ಕೂತ್ಕೋ ಮಗಳೇ, ಬಂದವರ ಮುಂದೆ ಮಾನ ಕಳೀಬೇಡ" ಎಂದು ಪಿಸುಗುಟ್ಟಿದರು.

ಲೀನಾಗೆ ಖುಷಿಯಾಯಿತು. "ಹಯಾತ್, ನೀವು ನನಗಿಂತ ಗಟ್ಟಿ ಇದ್ದೀರಿ! ಬೆಳಗಿನ ಸಹಾಯ ಇನ್ನು ಬೇಕಾಗಲ್ಲ, ಅಲ್ವಾ?"

ಮೇಡಂ ಕಾಫಿ ಕಪ್ಪನ್ನು ಅವಳತ್ತ ಸರಿಸಿದರು. ಬೀಗರು ಬಂದರೆ ಜ್ವರದಲ್ಲೂ ಎದ್ದು ಹೋಳಿಗೆ ತಟ್ಟುವವರ ಮನೆಯಿಂದ ಬಂದವಳು ನಾನು.

"ಇದು ಅತಿಥಿಗೋಸ್ಕರ ಮಾಡಿದ್ದು," ಎಂದೆ. "ನಾಳೆ ಇಡೀ ದಿನ ಅವರು ಏಳೋದಿಲ್ಲ."

"ನಾನೇ ಕಣ್ಣಾರೆ ನೋಡಿದೆನಲ್ಲ? ಹಾಗಿದ್ರೆ ಅವರೇ ಹೇಳಲಿ."

ಮೇಡಂ ನನ್ನತ್ತ ಕೋಪದಿಂದ ನೋಡಿದರು. ಆಮೇಲೆ ನಿಧಾನವಾಗಿ ಓಲೆ ಬಿಚ್ಚಿ ಮೇಜಿನ ಮೇಲಿಟ್ಟರು.

"ನನ್ನಿಂದ ಆಗಲ್ಲ ಲೀನಾ. ಸ್ನಾನ ಆಗಲ್ಲ. ಗುಂಡಿ ಹಾಕೋಕೂ ಆಗಲ್ಲ. ಹೆಂಗಸಿನಿಂದ ಆಗಲ್ಲ ಅಂದ ಗಂಡಸರ ಜೊತೆ ಆಯುಸ್ಸೆಲ್ಲ ಜಗಳ ಆಡಿದೆ. ಈಗ ನೀನು ನನ್ನ ಬಾಯಿಂದಲೇ ಹೇಳಿಸಿದೆ."

ಲೀನಾ ಕಪ್ಪು ಕೆಳಗಿಟ್ಟಳು.

ಬೆಳಗಿನ ಸಹಾಯ ಉಳಿಯಿತು. ಆದರೆ ನನಗೆ ಗೆದ್ದ ಹಾಗೇನೂ ಅನ್ನಿಸಲಿಲ್ಲ. ಮರುದಿನ ಮೇಡಂ ನಿಜಕ್ಕೂ ಏಳಲಿಲ್ಲ. ವಾರವೆಲ್ಲ ನನ್ನ ಜೊತೆ ಮಾತೂ ಇಲ್ಲ. ಕೊನೆಗೊಂದು ಬೆಳಿಗ್ಗೆ ಬೆನ್ನೊರೆಸುತ್ತಿದ್ದಾಗ, "ನಿನ್ನೆ ಒಂದಿಷ್ಟು ಬರೆದೆ" ಎಂದರಷ್ಟೆ.

ನಮ್ಮೆದುರು ಒಬ್ಬರು ಎಷ್ಟು ಮಾಡಬಲ್ಲರು ಎಂದು ನೋಡಿದರೆ ಸಾಲದು. ನಾವು ಹೊರಟು ಬಾಗಿಲು ಹಾಕಿಕೊಂಡ ಮೇಲೆ ಅವರಲ್ಲಿ ಏನು ಉಳಿಯುತ್ತದೆ ಎಂದು ಕೇಳಬೇಕು. ಅಷ್ಟನ್ನು ಆ ಕೆಲಸ ನನಗೆ ಕಲಿಸಿತು. ಕೇಳುವಾಗಲೂ ಮೆಲ್ಲಗೆ ಕೇಳಬೇಕು, ಉತ್ತರ ಕೊಡುವವರಿಗೆ ಅದು ನೋಯುತ್ತದೆ.